ಲೈಂಗಿಕ ದೌರ್ಜನ್ಯ ಆದರೂ ಮಕ್ಕಳು ಮನೆಯಲ್ಲಿ ಯಾಕೆ ಹೇಳುವುದಿಲ್ಲ?

ಹೇಳಲು ಮಾತೇ ಗೊತ್ತಿರುವುದಿಲ್ಲ, ಮೊದಲ ತೊಡಕು ಅದು. ನಮ್ಮ ಬಾಗಲಕೋಟೆ ಕಡೆ ಎಷ್ಟೋ ಮನೆಗಳಲ್ಲಿ ಗುಪ್ತಾಂಗಗಳ ಹೆಸರೆತ್ತುವುದಿಲ್ಲ. 'ಶೀ, ಹೊಲಸು' ಅಂದು ಮುಗಿಸಿಬಿಡುತ್ತೇವೆ. ಹೊಲಸು ಅಂದದ್ದನ್ನು ಮಗು ಅವ್ವನ ಮುಂದೆ ಹೇಗೆ ಹೇಳಬೇಕು?

ಮುಟ್ಟಿದವನು ಹೆಚ್ಚಾಗಿ ಪರಿಚಯದವನೇ. ಜಾತ್ರೆಯಲ್ಲಿ ಬೆಂಡು ಬತ್ತಾಸು ಕೊಡಿಸುವ ಕಾಕಾ, ಇಲ್ಲವೇ ಮನೆಪಾಠದ ಸರ್. 'ಕಾಕಾನ ಮಾತು ಕೇಳು' ಅಂತ ಕಲಿಸಿದವರೂ ನಾವೇ, ಅಲ್ವಾ? ಅವನು 'ಹೇಳಿದ್ರ ನಿಮ್ಮಪ್ಪ ನಿನಗ ಬೈತಾನ' ಅಂದರೆ ಮಗು ನಂಬುತ್ತದೆ. ತಪ್ಪು ತನ್ನದೇ ಅಂದುಕೊಳ್ಳುತ್ತದೆ. ಗಂಡು ಹುಡುಗರಿಗೆ ಗೇಲಿಯ ಭಯ ಬೇರೆ. 2007ರ ಕೇಂದ್ರ ಸರ್ಕಾರದ ಅಧ್ಯಯನದಲ್ಲೂ ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ.

ಎಷ್ಟೋ ಸಲ ಮಗು ಸುತ್ತಿಬಳಸಿ ಹೇಳಿರುತ್ತದೆ: 'ನಾ ಟ್ಯೂಷನ್‌ಗೆ ಹೋಗಂಗಿಲ್ಲ, ಹೊಟ್ಟಿ ನೋಯಾಕತ್ತೈತಿ.' ಸುಮ್ನೆ ನೆಪ ಅಂತ ಗದರಿಸಿ ಕಳಿಸುತ್ತೇವೆ. ಕೊನೆಗೆ ಬಾಯಿ ಬಿಟ್ಟಾಗ 'ಮೊದಲೇ ಯಾಕೆ ಹೇಳಲಿಲ್ಲ?' ಅಂತ ಮಾತ್ರ ಕೇಳಬೇಡಿ. ಮಾತು ಅಲ್ಲಿಗೇ ನಿಲ್ಲುತ್ತದೆ. ಸಹಾಯಕ್ಕೆ ಮಕ್ಕಳ ಸಹಾಯವಾಣಿ 1098 ಇದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಪೊಲೀಸರು ಯೂನಿಫಾರ್ಮ್ ಹಾಕಿರಬಾರದು.