ಭಯ ಹೋಗೋ ತನಕ ಕಾಯಬೇಡಿ, ಒಂದು ಸೀನ್ ತೆಗೀರಿ

ಸ್ಕ್ರಿಪ್ಟ್ ಬರೆದು ಎರಡು ವರ್ಷ ಆಯ್ತು, ಫಿಲ್ಮ್ ಸ್ಕೂಲಲ್ಲಿ ಓದಿಲ್ಲ, ನನ್ನ ಕೈಲಾಗಲ್ಲ ಅನ್ನೋ ಭಯ ಹೋಗೋದು ಯಾವಾಗ ಅಂತ ಕೇಳಿದೀರ. ನನಗಂತೂ ಹೋಗಲೇ ಇಲ್ಲ, ನನ್ನ ಸಿನಿಮಾ ಎಡಿಟ್ ಮುಗಿದ ದಿನಾನೂ ಇತ್ತು. ಆದ್ರೆ ಒಂದು ಸಲ ಶೂಟ್ ಮಾಡಿ ನೋಡಿದ್ಮೇಲೆ ಭಯಪಡಬೇಕಾಗಿದ್ದು ಯಾವುದಕ್ಕೆ ಅಂತ ಗೊತ್ತಾಯ್ತು.

ನಂದು ತೀರ್ಥಹಳ್ಳಿ ಕಡೆ, ಕೆಲಸ ಬೆಂಗಳೂರಲ್ಲಿ. ಮೂರು ವರ್ಷ ಸ್ಕ್ರಿಪ್ಟ್ ತಿದ್ದುತ್ತಾನೇ ಕೂತಿದ್ದೆ. ಆಮೇಲೆ ಒಂದು ಶನಿವಾರ ಊರಿಗೆ ಹೋದಾಗ ಎರಡು ಪುಟದ ಒಂದೇ ಸೀನ್ ಫೋನಲ್ಲೇ ತೆಗೆದೆ, ಅಡಕೆ ಸುಲಿತಾ ಕೂತಿರೋ ತಾಯಿ ಹತ್ರ ಮಗ ಬಂದು ತೋಟ ಮಾರೋ ವಿಷ್ಯ ಎತ್ತೋದು, ತಾಯಿ ಪಾರ್ಟು ನಮ್ಮ ದೊಡ್ಡಮ್ಮಂದು. ರಾತ್ರಿ ಲ್ಯಾಪ್‌ಟಾಪಲ್ಲಿ ಹಾಕಿ ನೋಡಿ ತುಂಬಾ ಬೇಜಾರಾಯ್ತು. ನಾನು ಹೆದರ್ತಾ ಇದ್ದಿದ್ದು ಫ್ರೇಮ್ ಬಗ್ಗೆ, ಅದು ಚೆನ್ನಾಗೇ ಬಂದಿತ್ತು. ಕೆಟ್ಟಿದ್ದು ಸೌಂಡು, ತೋಟದ ಪಂಪ್‌ಸೆಟ್ ಸದ್ದಲ್ಲಿ ಮಾತೇ ಕೇಳ್ತಿರ್ಲಿಲ್ಲ, ಇನ್ನೊಂದು ನಾನು ಬರೆದ ಡೈಲಾಗು, ದಿನಾ ಅಷ್ಟು ಚಂದ ಮಾತಾಡೋ ದೊಡ್ಡಮ್ಮ ನನ್ನ ಲೈನ್ ಹೇಳುವಾಗ ಮೇಷ್ಟ್ರಿಗೆ ಪಾಠ ಒಪ್ಪಿಸೋ ಹಾಗೆ ಹೇಳ್ತಿದ್ರು.

ಮರುದಿನ ಪೇಪರ್ ಪಕ್ಕಕ್ಕಿಟ್ಟು, ಪಂಪ್ ಆಫ್ ಮಾಡಿಸಿ, "ದೊಡ್ಡಮ್ಮ, ಮಗ ತೋಟ ಮಾರ್ತೀನಿ ಅಂತ ಬಂದು ಕೂತಿದಾನೆ, ನೀವು ಎಂತ ಹೇಳ್ತೀರಿ" ಅಂತಷ್ಟೇ ಕೇಳ್ದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, ಸುಲಿಯೋ ಕೈ ನಿಲ್ಲಿಸದೇ, "ಮಾರು. ಬಾವಿ ಹತ್ರ ಹೋಗಿ ನಿಮ್ಮಪ್ಪಂಗೆ ಒಂದು ಮಾತು ಹೇಳಿ ಬಾ" ಅಂದ್ರು. ಆ ಬಾವಿ ತೋಡಿದ್ದು ತೀರಿಹೋದ ನಮ್ಮ ದೊಡ್ಡಪ್ಪ. ಇನ್ನೂ ಮೂರು ವರ್ಷ ಕೂತಿದ್ರೂ ಆ ಮಾತು ನನಗೆ ಹೊಳೀತಿರ್ಲಿಲ್ಲ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ತಗೊಂಡ ಕನ್ನಡ ಸಿನಿಮಾ "ತಿಥಿ"ಯಲ್ಲಿ ಮಾಡಿದೋರೂ ಮಂಡ್ಯ ಕಡೆ ಹಳ್ಳಿ ಜನಾನೇ, ನಟನೆ ಕಲಿತವರಲ್ಲ, ನಾನದನ್ನ ಎರಡು ಸಲ ನೋಡಿದ್ದೆ, ಆದ್ರೆ ಆ ಮಾತುಗಳು ಯಾಕೆ ಅಷ್ಟು ನಿಜ ಅನ್ಸುತ್ತೆ ಅಂತ ಅರ್ಥ ಆಗಿದ್ದು ಅವತ್ತು.

ಹಾಗಾಗಿ ಇಡೀ ಸಿನಿಮಾ ತೆಗೆಯೋಕೆ ಹೊರಟಾಗ ಉಳಿಸಿದ್ದ 2 ಲಕ್ಷದಲ್ಲಿ ಮೊದಲ ಖರ್ಚು ಕ್ಯಾಮೆರಾಗಲ್ಲ, ಒಬ್ಬ ಒಳ್ಳೆ ಸೌಂಡ್ ರೆಕಾರ್ಡಿಸ್ಟ್‌ಗೆ. ಅವರು ಪ್ರತಿ ಸೀನ್ ಆದ್ಮೇಲೂ ಎಲ್ರನ್ನೂ ಉಸಿರು ಬಿಗಿಹಿಡಿದು ನಿಲ್ಲಿಸಿ ಒಂದು ನಿಮಿಷ ಆ ಜಾಗದ ಸದ್ದು ಮಾತ್ರ ರೆಕಾರ್ಡ್ ಮಾಡ್ತಿದ್ರು, ಎಡಿಟಲ್ಲಿ ಅದನ್ನ ಶಾಟ್‌ಗಳ ಕೆಳಗೆ ಹಾಸಿದ್ರೆ ಕಟ್ ಆದಲ್ಲಿ ಸೌಂಡ್ ತುಂಡಾಗಲ್ಲ, ನೀವೂ ಮರೀಬೇಡಿ. ಒಟ್ಟು 16 ದಿನ ಶೂಟ್, ಎಲ್ಲಾ ಶನಿವಾರ ಭಾನುವಾರ, ಮಧ್ಯ ಮಳೆಗಾಲ ಬಂದು ನಾಲ್ಕು ತಿಂಗಳು ನಿಂತೇಹೋಯ್ತು. ಆಗ ಬಿಟ್ಬಿಡೋಣ ಅನ್ಸಿದಾಗೆಲ್ಲ ಬಾವಿ ಸೀನ್ ಹಾಕ್ಕೊಂಡು ನೋಡ್ತಿದ್ದೆ.

ನಿಮ್ಮ ಸ್ಕ್ರಿಪ್ಟಲ್ಲಿ ಎರಡೇ ಪಾತ್ರ, ಒಂದೇ ಜಾಗ ಇರೋ ಸೀನ್ ಇದ್ದೇ ಇರುತ್ತೆ, ಅದನ್ನ ಮನೆಯವರನ್ನ ಇಟ್ಕೊಂಡೇ ತೆಗೀರಿ. ಎಲ್ಲಿ ಕೆಡ್ತು ಅಂತ ಬಂದು ಹೇಳಿ, ಸೌಂಡ್ ವಿಷ್ಯ ಆದ್ರೆ ನನಗೆ ಗೊತ್ತಿರೋದೆಲ್ಲ ಹೇಳ್ಕೊಡ್ತೀನಿ.