ತಬರಿ ಬರೆದದ್ದು ಚರಿತ್ರೆಯೋ, ಕಥೆಯೋ?

ಪ್ರಶ್ನೆ: ಅರಬ್ಬಿ ಇತಿಹಾಸಕಾರ ತಬರಿಯ ಗ್ರಂಥದ ಒಂದು ಸಂಪುಟವನ್ನು ಅನುವಾದದಲ್ಲಿ ಓದಿದೆ. ಪುಟಪುಟಕ್ಕೂ ಸಂಭಾಷಣೆ, ನಡುನಡುವೆ ಪದ್ಯ, ಒಂದೇ ಘಟನೆಗೆ ಎರಡು ಮೂರು ವಿವರ. ಇದನ್ನು ಇತಿಹಾಸವೆಂದು ನಂಬುವುದು ಹೇಗೆ?

ಉತ್ತರ: ಪದ್ಯ ಕಂಡ ಕೂಡಲೇ ಕಟ್ಟುಕಥೆ ಎಂದು ತಳ್ಳಿಹಾಕಬೇಡಿ. ಹಾಗಂತ ಎಲ್ಲವನ್ನೂ ನುಂಗಲೂ ಬೇಡಿ.

803ರಲ್ಲಿ ಖಲೀಫ ಹಾರೂನ್ ಅಲ್ ರಶೀದ್ ತನ್ನ ಪರಮಾಪ್ತ ಜಾಫರ್ ಬರ್ಮಕಿಯನ್ನು ಕೊಲ್ಲಿಸಿದ ಪ್ರಸಂಗವನ್ನೇ ನೋಡಿ. ಅಪ್ಪಣೆ ಹೊತ್ತ ಸೇವಕ ಮಸ್ರೂರ್ ಒಳಗೆ ಬರುವಾಗ ಕುರುಡ ಗಾಯಕ ಅಬೂ ಝಕ್ಕಾರ್ ಹಾಡುತ್ತಿದ್ದಾನೆ: ಸಾವು ಯಾರನ್ನೂ ಬಿಡದು, ಇರುಳಲ್ಲೋ ಮುಂಜಾವದಲ್ಲೋ ಬಂದೇ ತೀರುತ್ತದೆ ಎಂದು. ನಾನು ಬಂದಿರುವುದೂ ಅದಕ್ಕೇ ಎನ್ನುತ್ತಾನೆ ಮಸ್ರೂರ್. ಖಲೀಫ ಕುಡಿದಿರಬಹುದು, ಇನ್ನೊಮ್ಮೆ ಕೇಳಿ ಬಾ ಎಂದು ಜಾಫರ್ ಅಂಗಲಾಚುತ್ತಾನೆ. ಕೊಲೆಯೇನೋ ನಿಜ. ಆದರೆ ಹಾಡು ಅಷ್ಟು ಸರಿಯಾದ ಗಳಿಗೆಗೆ ಒದಗಿತೆಂದರೆ ನನಗೆ ಗುಮಾನಿ. ಅದು ಬಾಯಿಂದ ಬಾಯಿಗೆ ಪಳಗಿದ ದೃಶ್ಯ.

ಹಾಗೆ ಪಳಗಿಸಿದವನು ತಬರಿಯಲ್ಲ. ‘ಖಬರ್’ ಎಂಬ ಬಿಡಿ ವೃತ್ತಾಂತವೇ ಅಂದಿನ ಇತಿಹಾಸಕ್ಕೂ ಸಾಹಿತ್ಯಕ್ಕೂ ಸಮಾನ ಬಂಡವಾಳ. ಹತ್ತನೆಯ ಶತಮಾನದ ಸಾಹಿತಿ ಅಬುಲ್ ಫರಜ್ ಇಸ್ಫಹಾನಿ ಗಾಯಕರ, ಕವಿಗಳ ಕಥೆ ಹೇಳಿದ್ದೂ ಇಂಥ ವೃತ್ತಾಂತಗಳನ್ನು ಪೋಣಿಸಿಯೇ. ಯಾರಿಂದ ಯಾರು ಕೇಳಿದರು ಎಂಬ ಸರಪಳಿಯನ್ನು ಮುಂದಿಟ್ಟು, ಬಂದದ್ದನ್ನು ಬಂದ ಹಾಗೆ ದಾಟಿಸುವುದು ತಬರಿಯ ಶಿಸ್ತು. ನಿಮಗೆ ವಿಚಿತ್ರವೆನಿಸಿದ್ದು ನನಗೆ ಹೇಳಿದವರದು, ನನ್ನದಲ್ಲ ಎಂದು ಮುನ್ನುಡಿಯಲ್ಲೇ ಕೈತೊಳೆದುಕೊಂಡಿದ್ದಾನೆ. ಒಂದೇ ಘಟನೆಗೆ ಹಲವು ವಿವರ ಸಿಗುವುದು ಇದರಿಂದ.

ಖಲೀಫರ ಮಂತ್ರಿಗಳಾಗಿ ಮೆರೆದ ಜಾಫರನ ಪಾರಸಿಕ ಮನೆತನ, ಅಂದರೆ ಬರ್ಮಕಿಗಳು ಬಿದ್ದದ್ದೇಕೆ? ಜಾಫರನಿಗೂ ಖಲೀಫನ ತಂಗಿ ಅಬ್ಬಾಸಾಳಿಗೂ ನಡುವಿನ ಪ್ರಣಯ ತಬರಿಯಲ್ಲಿ ಹಲವು ಕಾರಣಗಳಲ್ಲೊಂದು. ಹತ್ತನೆಯ ಶತಮಾನದ ಅರಬ್ಬಿ ಇತಿಹಾಸಕಾರ ಮಸೂದಿ ಅದನ್ನು ರಸವತ್ತಾಗಿ ಬೆಳೆಸುತ್ತಾನೆ. 1377ರಲ್ಲಿ ತನ್ನ ಇತಿಹಾಸಗ್ರಂಥಕ್ಕೆ ಪೀಠಿಕೆಯಾಗಿ ‘ಮುಕದ್ದಿಮಾ’ ಬರೆದ ಇತಿಹಾಸಕಾರ ಇಬ್ನ್ ಖಲ್ದೂನ್ ಅದನ್ನು ಸಾರಾಸಗಟಾಗಿ ತಿರಸ್ಕರಿಸಿದ. ಅಂಥ ಕುಲೀನೆ ಪಾರಸಿಕನಿಗೆ ಒಲಿದಾಳೇ ಎಂಬ ಅವನ ವಾದದಲ್ಲಿ ಕುಲದ ಹಮ್ಮೇ ಹೆಚ್ಚು. ಖಜಾನೆ ಬರ್ಮಕಿಗಳ ಕೈಸೇರಿ, ಸ್ವಲ್ಪ ಹಣಕ್ಕೂ ಖಲೀಫ ಅವರನ್ನೇ ಕೇಳಬೇಕಾಗಿತ್ತು ಎಂಬ ಇನ್ನೊಂದು ವಾದಕ್ಕೆ ಮಾತ್ರ ತೂಕವಿದೆ.

ಅಂದಹಾಗೆ, ಇದೇ ಮಸೂದಿ ನಮ್ಮ ಮಳಖೇಡವನ್ನು ‘ಮಾಂಕೀರ್’ ಎಂದು ಕರೆದು, ರಾಷ್ಟ್ರಕೂಟರ ದೊರೆಯನ್ನು ಹಿಂದೂದೇಶದ ರಾಜರಲ್ಲೇ ದೊಡ್ಡವನೆಂದಿದ್ದಾನೆ. ಅಲ್ಲಿಂದ ಕಡಲಿಗೆ 80 ಸಿಂಧಿ ಫರ್ಸಖ್ (ದೂರದ ಒಂದು ಹಳೆಯ ಅಳತೆ), ಒಂದೊಂದು ಫರ್ಸಖ್ 8 ಮೈಲಿ ಎನ್ನುತ್ತಾನೆ. ಪದ್ಯವಲ್ಲ, ಸಂಭಾಷಣೆಯಲ್ಲ, ಬರೀ ಲೆಕ್ಕ. ನಕ್ಷೆ ತೆಗೆದು ಅಳೆಯಿರಿ: ಅರ್ಧದಷ್ಟು ದೂರವೂ ಇಲ್ಲ.