ಅಪ್ಪ, ಇವರು, ಅವನು

ಪ್ರಶ್ನೆ: ನನ್ನ ಕಾದಂಬರಿಯಲ್ಲಿ ಕಥೆ ಮಗಳ ಮನಸ್ಸಿನಿಂದ ತಾಯಿಯ ಮನಸ್ಸಿಗೆ ಹೊರಳುತ್ತದೆ. ಓದಿದವರೆಲ್ಲ ಗೊಂದಲ ಅನ್ನುತ್ತಾರೆ. ಪಾತ್ರದ ಹೆಸರನ್ನೇ ತಲೆಬರಹ ಮಾಡಿ ಅಧ್ಯಾಯ ಬೇರೆ ಮಾಡಿಬಿಡಲೇ?

ಉತ್ತರ: ಬೇಡ. ತಿಂಗಳಿಗೊಬ್ಬರಾದರೂ ಇದನ್ನೇ ಕೇಳುತ್ತಾರೆ, ಎಲ್ಲರೂ ತಲೆಬರಹದಲ್ಲೇ ಮದ್ದು ಹುಡುಕುತ್ತಾರೆ. ನೀವು ಕಳಿಸಿದ ಪುಟವನ್ನೇ ನೋಡಿ. ಮಗಳ ಭಾಗದಲ್ಲಿ ‘ಅಪ್ಪ ಒಳಗೆ ಬಂದರು’ ಎಂದಿದೆ, ಸರಿ. ತಾಯಿಯ ಮನಸ್ಸಿಗೆ ದಾಟಿದ ಮೇಲೂ ‘ಅಪ್ಪ ಕುರ್ಚಿ ಎಳೆದುಕೊಂಡರು’ ಎಂದೇ ಬರೆದಿದ್ದೀರಿ. ಯಾರಿಗೆ ಅಪ್ಪ? ಆಕೆಗೆ ಅವರು ‘ಇವರು’. ಅದೂ ಗಂಡನ ಮೇಲಿನ ಸಿಟ್ಟನ್ನು ವರ್ಷಗಟ್ಟಲೆ ನುಂಗಿಕೊಂಡ ಹೆಂಗಸು. ಬಾಯಲ್ಲಿ ‘ಬನ್ನಿ’ ಅಂದರೂ ಒಳಗೊಳಗೇ ‘ಬಂದ’ ಅಂದುಕೊಳ್ಳುವವಳು. ಆ ಒಂದು ‘ಬಂದ’ ಬಿದ್ದಿದ್ದರೆ ಯಾರ ತಲೆಯೊಳಗಿದ್ದೇವೆ ಎಂದು ಓದುಗರಿಗೆ ತಾನಾಗಿ ತಿಳಿಯುತ್ತಿತ್ತು, ಅವಳ ಸಿಟ್ಟೂ ತಿಳಿಯುತ್ತಿತ್ತು. ಕನ್ನಡ ಇಷ್ಟನ್ನು ಕ್ರಿಯಾಪದದ ತುದಿಯಲ್ಲೇ ಇಟ್ಟುಕೊಟ್ಟಿದೆ, ನಾವು ಬಳಸುವುದಿಲ್ಲ.

‘ತಾನು’ ಕೂಡ ಹಾಗೆಯೇ. ‘ಅವಳದೇ ತಪ್ಪಿರಬಹುದೇ?’ ಅಂದರೆ ನಿರೂಪಕ ಹೊರಗೆ ನಿಂತು ಕೇಳಿದ ಹಾಗೆ. ‘ತನ್ನದೇ ತಪ್ಪಿರಬಹುದೇ?’ ಅಂದರೆ ಅವಳೊಳಗೇ ಇದ್ದೇವೆ. ‘ಎಂದು ಯೋಚಿಸಿದಳು’ ಎಂಬ ಬಾಲ ಬೇಕಿಲ್ಲ.

ಇನ್ನು, ಹೊರಳುವುದು ಯಾಕೆ? ಮೊದಲ ಮನಸ್ಸಿಗೆ ಕಾಣದ್ದು ಓದುಗರಿಗೆ ಕಾಣಲೇಬೇಕಾದಾಗ. ದಾಸ್ತಯೇವ್ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ (1866) ಹೆಚ್ಚುಕಡಿಮೆ ಕೊಲೆ ಮಾಡಿದ ನಾಯಕ ರಾಸ್ಕೋಲ್ನಿಕೋವ್‌ನ ಬೆನ್ನಿಗೇ ಅಂಟಿಕೊಂಡು ನಡೆಯುತ್ತದೆ. ಆದರೆ ಅದರಲ್ಲಿನ ಇನ್ನೊಬ್ಬ ಪಾಪಿ ಸ್ವಿದ್ರಿಗೈಲೋವ್‌ನ ಕೊನೆಯ ರಾತ್ರಿ ನಾವು ಅವನ ಜೊತೆಗಿರುತ್ತೇವೆ, ಅವನ ದುಃಸ್ವಪ್ನಗಳ ಒಳಗೇ. ಬೆಳಗಾಗುವಾಗ ಅವನು ಗುಂಡು ಹಾರಿಸಿಕೊಳ್ಳುತ್ತಾನೆ. ರಾಸ್ಕೋಲ್ನಿಕೋವ್ ಹಿಡಿಯಬಹುದಾಗಿದ್ದ ಇನ್ನೊಂದು ದಾರಿ ಅದು. ಅದನ್ನು ರಾಸ್ಕೋಲ್ನಿಕೋವ್‌ನ ಕಣ್ಣಿನಿಂದ ತೋರಿಸಲಾಗದು. ನಿಮ್ಮ ಪುಟದಲ್ಲಿ ತಾಯಿಗೆ ಮಾತ್ರ ಗೊತ್ತಿರುವುದು ಏನು? ಏನೂ ಇಲ್ಲದಿದ್ದರೆ ಮಗಳನ್ನು ಬಿಟ್ಟು ಕದಲಬೇಡಿ.

ಒಂದೇ ದೃಶ್ಯದಲ್ಲಿ ಎರಡನೇ ಸಲ ಹೊರಳಲು ನಾನಂತೂ ಹೆದರುತ್ತೇನೆ. ಹಿಂದೊಮ್ಮೆ ನನ್ನ ಹಸ್ತಪ್ರತಿಯಲ್ಲಿ ಒಂದು ಸಾವಿನ ಮನೆಗೆ ಐದು ಮನಸ್ಸು ತುಂಬಿಸಿದ್ದೆ. ಯಾರ ದುಃಖವೂ ನಿಲ್ಲಲಿಲ್ಲ, ಇಡೀ ಅಧ್ಯಾಯ ಹರಿದೆ.

ಪ್ರಶ್ನೆ: ‘ಒಂದು ಅಧ್ಯಾಯಕ್ಕೆ ಒಂದೇ ದೃಷ್ಟಿಕೋನ’ ಎಂದು ಶಿಬಿರದಲ್ಲಿ ಹೇಳಿಕೊಟ್ಟರು. ನಿಜವೇ?

ಉತ್ತರ: ಸುಳ್ಳು. ದುಡ್ಡು ಇಸಿದುಕೊಂಡು ಇಂಥದ್ದನ್ನು ಮಂತ್ರದಂತೆ ಬಾಯಿಪಾಠ ಮಾಡಿಸುವವರ ಮೇಲೆ ನನಗೆ ಕೋಪವಿದೆ. ವರ್ಜೀನಿಯಾ ವುಲ್ಫ್ ಬರೆದ ‘ಮಿಸೆಸ್ ಡಾಲೊವೆ’ (1925) ಕಾದಂಬರಿ ಓದಿ. ವಿಮಾನವೊಂದು ಆಕಾಶದಲ್ಲಿ ಹೊಗೆಯಿಂದ ಅಕ್ಷರ ಬರೆಯುತ್ತದೆ, ಕೆಳಗೆ ಜನ ತಲೆಯೆತ್ತಿ ನೋಡುತ್ತಾರೆ. ಆ ಹೊಗೆಯನ್ನೇ ಹಿಡಿದು ಕಥೆ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಆ ಕಾದಂಬರಿಯಲ್ಲಿ ಅಧ್ಯಾಯಗಳೇ ಇಲ್ಲ.

ಪ್ರಶ್ನೆ: ಮನಸ್ಸಿನ ಮಾತನ್ನು ಓರೆ ಅಕ್ಷರದಲ್ಲಿ ಹಾಕಲೇ?

ಉತ್ತರ: ಬೇಡ.

ಪ್ರಶ್ನೆ: ಹೆಚ್ಚೆಂದರೆ ಎಷ್ಟು ನಿರೂಪಕರಿರಬಹುದು?

ಉತ್ತರ: ಫಾಕ್ನರ್‌ನ ‘ಆ್ಯಸ್ ಐ ಲೇ ಡೈಯಿಂಗ್’ನಲ್ಲಿ (1930) 15 ಮಂದಿ ಇದ್ದಾರೆ. ಮನೆಯವರು ಹೂಳಲು ಹೊತ್ತೊಯ್ಯುವ ಸತ್ತ ತಾಯಿಗೆ ಅದರಲ್ಲಿ ಸಿಗುವುದು ಒಂದೇ ಭಾಗ.